ಬೆನ್ನಿನ ಕೀಹೋಲ್ ಆಪರೇಷನ್‌ಗೆ ಹೂಂ ಅನ್ನುವ ಮೊದಲು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಗುಳೇದಗುಡ್ಡ, ಇಳಕಲ್ಲಿನ ನೇಕಾರರು ಬರುತ್ತಾರೆ. ಮುಧೋಳ, ಜಮಖಂಡಿ ಕಡೆಯಿಂದ ಕಬ್ಬು ಕಡಿಯುವವರು, ಬಸ್ ಡ್ರೈವರ್‌ಗಳು, ಕೊಡ ಹೊತ್ತು ಹೊತ್ತು ನಡ ಕೆಡಿಸಿಕೊಂಡ ಹೆಣ್ಣುಮಕ್ಕಳು ಬರುತ್ತಾರೆ. ಇತ್ತೀಚೆಗೆ ಇವರ ಕೈಯಲ್ಲಿ ಎಂಆರ್‌ಐ ಕವರಿನ ಜೊತೆಗೆ ಇನ್ನೊಂದು ಕಾಗದ ಇರುತ್ತದೆ. ಆಪರೇಷನ್ನಿನ ಎಸ್ಟಿಮೇಟ್. ಕೇಳುವುದು ಒಂದೇ ಮಾತು: "ಅಕ್ಕಾರ, ಬರೇ ಸಣ್ಣ ತೂತು ಹಾಕ್ತಾರಂತ, ಮರುದಿನಾನ ಮನಿಗೆ ಕಳಸ್ತಾರಂತ. ಮಾಡಸ್ಲೇನ್ರಿ?"

ಮಾಡಿಸಿ ಅನ್ನುವುದೂ, ಬೇಡ ಅನ್ನುವುದೂ ನನ್ನ ಕೆಲಸ ಅಲ್ಲ. ನಾನು ಸರ್ಜನ್ ಅಲ್ಲ. ಆಪರೇಷನ್‌ಗೆ ಮುಂಚೆಯೂ ಆಮೇಲೂ ಬೆನ್ನನ್ನು ಕೈಯಾರೆ ಮುಟ್ಟಿ ನೋಡುವವಳು, ಅಷ್ಟೇ. ಆದರೆ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಅಂತ ಹೇಳಬಲ್ಲೆ. ತೂತಿನ ಅಳತೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ಜಾಹೀರಾತಿನಲ್ಲಿ ಅದೇ ಮೊದಲು ಇರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನೋವು ನಡದ್ದೋ, ಕಾಲಿನದ್ದೋ?

ಇದು ಮೊದಲ ಪ್ರಶ್ನೆ. ಡಿಸ್ಕ್ ಆಪರೇಷನ್ ಚೆನ್ನಾಗಿ ಗುಣ ಮಾಡುವುದು ಕಾಲಿಗೆ ಇಳಿಯುವ ನೋವನ್ನು. ಬರೀ ನಡನೋವಿಗೆ ಅದು ಅಷ್ಟು ಭರವಸೆಯ ದಾರಿ ಅಲ್ಲ. ಬೆನ್ನಿನ ಎರಡು ಮಣಿಗಳ ನಡುವೆ ಇರುವ ಡಿಸ್ಕ್ ಒಡೆದು, ಒಳಗಿನ ಮೆತ್ತನೆಯ ಭಾಗ ಹೊರಗೆ ಬಂದು ನರದ ಬೇರನ್ನು ಒತ್ತಿದಾಗ ಕಾಲು ಸೆಳೆಯುತ್ತದೆ. ಸಯಾಟಿಕಾ ಅನ್ನುವುದು ಇದನ್ನೇ. ಈ ನಂಟನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್‌ಗಳು, 1934ರಲ್ಲಿ. ಆಮೇಲೆ ಬಂದ ಡಿಸ್ಕ್ ಆಪರೇಷನ್‌ಗಳ ಮೂಲ ಗುರಿ ಅದೇ: ಒತ್ತುವುದನ್ನು ತೆಗೆ, ನರವನ್ನು ಬಿಡಿಸು.

ಆದ್ದರಿಂದ ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮನುಷ್ಯನ ಆಕಾರ ಬರೆದು, ನೋವು ಎಲ್ಲಿಂದ ಎಲ್ಲಿಗೆ ಓಡುತ್ತದೆ ಅಂತ ಗೆರೆ ಎಳೆಯಿರಿ. ಜೋಮು ಹಿಡಿಯುವ ಜಾಗಕ್ಕೆ ಚುಕ್ಕೆ ಇಡಿ. ಎಡವೋ ಬಲವೋ ಬರೆಯಿರಿ. ಚಿತ್ರ ಚಂದ ಇರಬೇಕಿಲ್ಲ. ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಕಡೆ ಜೋಮು ಇದ್ದರೆ ಸಾಮಾನ್ಯವಾಗಿ ಎಲ್5 ನರ (ಎಲ್ ಅಂದರೆ ನಡದ ಮಣಿ, ಎಸ್ ಅಂದರೆ ಅದರ ಕೆಳಗಿನ ತ್ರಿಕಾಸ್ಥಿ, ಅಂಕಿ ಅಂದರೆ ಎಷ್ಟನೆಯದು ಅಂತ). ಪಾದದ ಹೊರ ಅಂಚು, ಕಿರುಬೆರಳು, ಅಂಗಾಲಿನ ಕಡೆ ಇದ್ದರೆ ಎಸ್1. ಗೋಡೆ ಹಿಡಿದುಕೊಂಡು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಆಗದಿದ್ದರೆ ಎಲ್5 ಬಲ ಕಳೆದುಕೊಂಡಿರಬಹುದು. ತುದಿಗಾಲಿನ ಮೇಲೆ ಏಳಲು ಆಗದಿದ್ದರೆ ಎಸ್1. ಇದನ್ನೂ ಬರೆದಿಡಿ. ಹೆಚ್ಚಿನ ಡಿಸ್ಕ್ ತೊಂದರೆಗಳು ಎಲ್4-ಎಲ್5, ಎಲ್5-ಎಸ್1 ಈ ಎರಡು ಜಾಗದಲ್ಲೇ ಆಗುವುದು.

ಈಗ ಎಂಆರ್‌ಐ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಬರೆದ ಜಾಗ, ಬರೆದ ಬದಿ, ನಿಮ್ಮ ಹಾಳೆಯ ಜೊತೆ ತಾಳೆ ಆಗುತ್ತದಾ? ಎಡಗಾಲು ಸೆಳೆಯುತ್ತಿದೆ, ರಿಪೋರ್ಟಿನಲ್ಲಿ ಬಲಕ್ಕೆ ಡಿಸ್ಕ್ ಸರಿದಿದೆ ಅಂತ ಇದ್ದರೆ ಅಲ್ಲೇ ನಿಲ್ಲಿ. ಡಾಕ್ಟರನ್ನು ಕೇಳದೆ ಮುಂದೆ ಹೋಗಬೇಡಿ.

ಇನ್ನೊಂದು ವಿಷಯ. ರಿಪೋರ್ಟಿನಲ್ಲಿ ಮೂರು ಕಡೆ "ಬಲ್ಜ್" (ಡಿಸ್ಕ್ ಉಬ್ಬಿದೆ) ಅಂತ ನೋಡಿ ಎದೆ ಒಡೆದುಕೊಂಡು ಬರುವವರು ಬಹಳ ಜನ. ಮಣಕ ಗ್ಯಾಪ್ ಆಗೈತಿ, ಮುಗೀತು ನಮ್ಮ ಕಥಿ ಅಂತಾರೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅವರಲ್ಲಿ ಶೇಕಡಾ 52ರಷ್ಟು ಜನರಿಗೆ ಒಂದಲ್ಲ ಒಂದು ಕಡೆ ಬಲ್ಜ್ ಇತ್ತು! ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ವಯಸ್ಸಾದಂತೆ ಡಿಸ್ಕ್ ಸವೆಯುವುದು ಸಹಜ. ಆಪರೇಷನ್ ಮಾಡುವುದು ನೋವಿರುವ ಮನುಷ್ಯನಿಗೆ, ಫಿಲ್ಮಿಗೆ ಅಲ್ಲ.

ಇವು ಕಂಡರೆ ಓದುತ್ತಾ ಕೂರಬೇಡಿ

ಒಂದಕ್ಕೆ ಹೋಗಲು ಆಗುತ್ತಿಲ್ಲ, ಅಥವಾ ಹೋಗಿದ್ದೇ ಗೊತ್ತಾಗುತ್ತಿಲ್ಲ. ತೊಡೆಗಳ ಸಂದಿ, ಕೂರುವ ಜಾಗ ಮರಗಟ್ಟಿದೆ. ಎರಡೂ ಕಾಲು ಸೋಲುತ್ತಿವೆ. ಪಾದ ಎತ್ತಲು ಆಗದೆ ಚಪ್ಪಲಿ ಕಳಚಿ ಬೀಳುತ್ತಿದೆ. ಇವುಗಳಲ್ಲಿ ಒಂದಿದ್ದರೂ ಅದೇ ದಿನ, ಅದೇ ರಾತ್ರಿ, ಎಂಆರ್‌ಐ ಮತ್ತು ಸರ್ಜನ್ ಇಬ್ಬರೂ ಸಿಗುವ ದೊಡ್ಡ ಆಸ್ಪತ್ರೆಗೆ ಹೋಗಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರರಲ್ಲೂ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಿವೆ. ಸೋಮವಾರ ಓಪಿಡಿಗೆ ತೋರಿಸಿದರಾಯಿತು ಅಂತ ಕಾದರೆ ಮೂತ್ರದ ಹಿಡಿತ ಮರಳಿ ಬರದೇ ಹೋಗಬಹುದು. ಇಂಥ ಹೊತ್ತಲ್ಲಿ ಕೀಹೋಲೋ ಓಪನ್ನೋ ಅನ್ನುವ ಚರ್ಚೆಯೇ ಬೇಡ.

ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೇ ನೋವು ಜಾಸ್ತಿ ಆಗುವುದು ಇದ್ದರೆ ಅದು ಡಿಸ್ಕ್ ಅಲ್ಲದೆಯೂ ಇರಬಹುದು. ಬೆನ್ನುಮೂಳೆಯ ಟಿಬಿ ನಮ್ಮ ದೇಶದಲ್ಲಿ ಅಪರೂಪದ್ದೇನಲ್ಲ. ಬಹಳಷ್ಟು ಜನರಿಗೆ ಅದು ಮಾತ್ರೆಯಿಂದಲೇ ಗುಣ ಆಗುತ್ತದೆ. ಉಳುಕು ಅಂದುಕೊಂಡು ತೆಗೆಸಲು ಹೋಗಬೇಡಿ.

ಎಷ್ಟು ದಿನ ಕಾಯುವುದು?

ಮೇಲಿನ ಅಪಾಯದ ಲಕ್ಷಣಗಳು ಇಲ್ಲದಿದ್ದರೆ ಸಾಮಾನ್ಯವಾಗಿ ಆರು ವಾರ ಔಷಧಿ, ನಡಿಗೆ, ವ್ಯಾಯಾಮಕ್ಕೆ ಕೊಡುತ್ತಾರೆ. ಸುಮ್ನೆ ಹಾಸಿಗೆ ಹಿಡಿದು ಮಲಗುವುದಕ್ಕಲ್ಲ. ಹೆಚ್ಚಿನವರಿಗೆ ಇಷ್ಟರಲ್ಲೇ ನೋವು ಇಳಿಯುತ್ತದೆ. ಹೊರಬಂದ ಡಿಸ್ಕಿನ ತುಂಡನ್ನು ದೇಹವೇ ಮೆಲ್ಲಗೆ ಕರಗಿಸುತ್ತದೆ. ತುಂಡು ದೊಡ್ಡದಿದ್ದಷ್ಟೂ ಕರಗುವ ಸಾಧ್ಯತೆ ಹೆಚ್ಚು ಅಂದರೆ ನನ್ನ ಪೇಷಂಟ್‌ಗಳು ನಂಬುವುದಿಲ್ಲ. ಆದರೆ ಇದು ಮತ್ತೆ ಮತ್ತೆ ಎಂಆರ್‌ಐಯಲ್ಲಿ ಕಂಡ ಸಂಗತಿ.

ಕಾಯುವುದಾ, ಬೇಗ ಮಾಡಿಸುವುದಾ ಅನ್ನುವುದಕ್ಕೆ ನೆದರ್ಲೆಂಡ್ಸ್‌ನಲ್ಲಿ ಒಂದು ಒಳ್ಳೆಯ ಅಧ್ಯಯನ ಆಗಿದೆ. 2007ರಲ್ಲಿ ಪ್ರಕಟವಾಯಿತು. ಆರರಿಂದ ಹನ್ನೆರಡು ವಾರ ಸಯಾಟಿಕಾದಿಂದ ಒದ್ದಾಡಿದ 283 ಜನ. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪಿಗೆ ಕಾಯುವುದು, ತಡೆಯಲಾಗದಿದ್ದರೆ ಮಾತ್ರ ಆಪರೇಷನ್. ಕಾದವರಲ್ಲಿ ಶೇಕಡಾ 39ರಷ್ಟು ಜನ ಕೊನೆಗೆ ಮಾಡಿಸಿಕೊಂಡರು. ಉಳಿದವರಿಗೆ ಬೇಕಾಗಲಿಲ್ಲ. ಬೇಗ ಮಾಡಿಸಿದವರಿಗೆ ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪು ಒಂದೇ ಕಡೆ ಬಂದು ನಿಂತವು.

ನಾನು ಇದನ್ನು ನಮ್ಮ ಜನಕ್ಕೆ ಹೇಳುವುದು ಹೀಗೆ: ನೀವು ಕೊಳ್ಳುತ್ತಿರುವುದು ಸಮಯವನ್ನು. ಕಬ್ಬಿನ ಹಂಗಾಮು ಬಿಟ್ಟರೆ ವರ್ಷದ ದುಡಿಮೆಯೇ ಹೋಗುತ್ತದೆ ಅನ್ನುವವರಿಗೆ ಕೆಲವು ವಾರ ಬೇಗ ಗುಣವಾಗುವುದೂ ದೊಡ್ಡ ಮಾತು. ಮನೆಯಲ್ಲಿ ಮಕ್ಕಳು ನೋಡಿಕೊಳ್ಳುತ್ತಾರೆ, ನೋವು ದಿನದಿನಕ್ಕೆ ಸ್ವಲ್ಪ ಕಡಿಮೆಯಾಗುತ್ತಿದೆ ಅನ್ನುವವರು ಕಾಯಬಹುದು. ಹಾಗಂತ ವರ್ಷಗಟ್ಟಲೆ ಕಾಯಬೇಡಿ. 2020ರ ಕೆನಡಾದ ಅಧ್ಯಯನದಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳು ಕಾಲುನೋವು ಬಿಡದೇ ಇದ್ದವರಿಗೆ, ಕಾಯುವುದಕ್ಕಿಂತ ಆಪರೇಷನ್ನೇ ಚೆನ್ನಾಗಿ ಕೆಲಸ ಮಾಡಿತು.

ಎಸ್ಟಿಮೇಟ್ ಕಾಗದ ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕಾಗದದ ಮೇಲೆ ಇರುವ ಒಂದೊಂದು ಹೆಸರಿನ ಹಿಂದೆ ಒಂದೊಂದು ಕಾಲದ ಕಥೆ ಇದೆ. ಅದು ಗೊತ್ತಿದ್ದರೆ ಏನು ಕೇಳಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ಹಳೆಯ ಕಾಲದಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕುಯ್ದು, ಮಾಂಸಖಂಡವನ್ನು ಮೂಳೆಯಿಂದ ಬಿಡಿಸಿ, ಬೆನ್ನುಹುರಿಯ ಮೇಲಿನ ಮೂಳೆಯ ಹೊದಿಕೆ ತೆಗೆದು, ಆಮೇಲೆ ಡಿಸ್ಕಿಗೆ ಹೋಗುತ್ತಿದ್ದರು. ಲ್ಯಾಮಿನೆಕ್ಟಮಿ. ಜೀವ ಉಳಿಸಿದ, ಕಾಲು ಉಳಿಸಿದ ಆಪರೇಷನ್ ಅದು. ನರಕ್ಕೆ ಜಾಗ ಮಾಡಿಕೊಡಬೇಕಾದಾಗ ಇವತ್ತಿಗೂ ಬೇಕು. ಆದರೆ ಆ ಕಾಲದಲ್ಲಿ ಮಾಡಿಸಿಕೊಂಡವರ ಬೆನ್ನನ್ನು ಮುಟ್ಟಿದಾಗ ನನಗೆ ಸಿಗುವುದೇನು ಗೊತ್ತಾ? ಗಾಯದ ಗುರುತಿನ ಎರಡೂ ಬದಿ ಮಾಂಸ ಸೊರಗಿ ಗುಳಿ ಬಿದ್ದಿರುತ್ತದೆ. ಮಣಿಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸುವ ಸಣ್ಣ ಸ್ನಾಯುಗಳವು. ಸಣ್ಣ ತೂತಿನ ಆಪರೇಷನ್‌ಗಳೆಲ್ಲ ಉಳಿಸಲು ಹೊರಟದ್ದು ಅದನ್ನೇ. ಚರ್ಮದ ಮೇಲಿನ ಗೀರು ದೊಡ್ಡ ವಿಷಯವೇ ಅಲ್ಲ, ಬೆನ್ನನ್ನು ಯಾರು ನೋಡುತ್ತಾರೆ?

ಕುಯ್ಯದೆ ಗುಣ ಮಾಡುವ ಮೊದಲ ಪ್ರಯತ್ನಗಳಲ್ಲಿ ಒಂದು ಬಂದದ್ದು ಪಪ್ಪಾಯಿಯಿಂದ. 1964ರಲ್ಲಿ ಅಮೆರಿಕದ ಲೈಮನ್ ಸ್ಮಿತ್, ಪಪ್ಪಾಯಿ ಹಾಲಿನಿಂದ ತೆಗೆದ ಕೈಮೋಪಪೇನ್ ಎಂಬ ಕಿಣ್ವವನ್ನು ಸೂಜಿಯಿಂದ ಡಿಸ್ಕಿನೊಳಗೆ ಬಿಟ್ಟು ಅದನ್ನು ಕರಗಿಸಿದ್ದನ್ನು ವರದಿ ಮಾಡಿದರು. 1982ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಬಹಳ ಜನಕ್ಕೆ ಉಪಯೋಗ ಆಯಿತು. ಆದರೆ ಕೆಲವರಿಗೆ ಜೀವಕ್ಕೇ ಕುತ್ತಾಗುವ ಅಲರ್ಜಿ ಆಯಿತು, ಇನ್ನು ಕೆಲವರಿಗೆ ನರಕ್ಕೇ ಪೆಟ್ಟಾಯಿತು. ಕೊನೆಗೆ ಅದು ಬಳಕೆಯಿಂದ ಹೋಯಿತು. (ಇದನ್ನು ಕೇಳಿ ಯಾರೂ ನಡಕ್ಕೆ ಪಪ್ಪಾಯಿ ಹಾಲು ಹಚ್ಚಿಕೊಳ್ಳಬೇಡಿ. ಚರ್ಮ ಸುಡುತ್ತದೆ, ಡಿಸ್ಕಿಗೆ ಏನೂ ಆಗುವುದಿಲ್ಲ.)

ಕಾಗದದಲ್ಲಿ "ಮೈಕ್ರೋ ಡಿಸೆಕ್ಟಮಿ" ಅಂತ ಇದ್ದರೆ ಅದು 1977ರ ಮಗು. ಜ್ಯೂರಿಕ್‌ನಲ್ಲಿದ್ದ ಯಾಸರ್ಗಿಲ್, ಜರ್ಮನಿಯ ಕಾಸ್ಪರ್ ಇಬ್ಬರೂ ಆ ವರ್ಷ ಆಪರೇಷನ್ ಮೈಕ್ರೋಸ್ಕೋಪನ್ನು ಡಿಸ್ಕಿಗೆ ತಂದದ್ದನ್ನು ಪ್ರಕಟಿಸಿದರು. ದೊಡ್ಡದಾಗಿ, ಬೆಳಕಾಗಿ ಕಾಣುವುದರಿಂದ ಎರಡು ಮೂರು ಸೆಂಟಿಮೀಟರ್ ಗಾಯ ಸಾಕಾಯಿತು. ಹೊಸ ವಿಧಾನ ಯಾವುದೇ ಬಂದರೂ ಇವತ್ತಿಗೂ ಇದರ ಜೊತೆಗೇ ಹೋಲಿಸಿ ನೋಡುತ್ತಾರೆ. ಊರಿನ ಡಾಕ್ಟರು ಮೈಕ್ರೋ ಮಾಡುತ್ತೇನೆ, ಎಂಡೋಸ್ಕೋಪ್ (ಒಳಗೆ ಬಿಡುವ ಕ್ಯಾಮೆರಾ ಕೊಳವೆ) ನನ್ನಲ್ಲಿಲ್ಲ ಅಂದರೆ ಹಳೇ ಕಾಲದವರು ಅಂತ ಮೂಗು ಮುರಿಯಬೇಡಿ.

"ಟ್ಯೂಬುಲರ್" ಅಥವಾ "ಎಂಇಡಿ" ಅಂತ ಇದ್ದರೆ ಅದು 1997ರದ್ದು, ಅಮೆರಿಕದ ಫೋಲಿ ಮತ್ತು ಸ್ಮಿತ್ ತಂದದ್ದು. ಮೊದಲು ಒಂದು ಸಣ್ಣ ಕೊಳವೆ, ಅದರ ಮೇಲೆ ಸ್ವಲ್ಪ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು ಇಳಿಸುತ್ತಾ ಸ್ನಾಯುವಿನ ಎಳೆಗಳನ್ನು ಅಗಲಿಸುತ್ತಾರೆ. ಕೊನೆಯ ಕೊಳವೆ ಸುಮಾರು ಹೆಬ್ಬೆರಳಿನ ದಪ್ಪ ಇರುತ್ತದೆ. ಅದರೊಳಗಿಂದಲೇ ಕೆಲಸ. ಗುಳೇದಗುಡ್ಡದ ನೇಕಾರ ಕಾಕಾ ಒಬ್ಬರಿಗೆ ಇದನ್ನು ಹೇಳುವಾಗ ಮಗ್ಗವನ್ನೇ ತೋರಿಸಿದೆ: ಹಾಸಿನ ಎಳೆ ಹರಿಯದೆ, ನಡುವೆ ದಾರಿ ಬಿಡಿಸಿ ಲಾಳಿ ದಾಟಿಸಿದ ಹಾಗೆ. ಅವರಿಗೆ ಥಟ್ಟನೆ ತಿಳಿಯಿತು. "ಅಂದ್ರ ತಗದ ಮ್ಯಾಲೆ ಮತ್ತ ಕೂಡ್ಕೋತಾವ?" ಅಂದರು. ಹೌದು, ಕೂಡಿಕೊಳ್ಳುತ್ತವೆ.

"ಎಂಡೋಸ್ಕೋಪಿಕ್" ಅಂದರೆ ಇನ್ನೂ ಸಣ್ಣದು. ಗಾಯ ಒಂದು ಸೆಂಟಿಮೀಟರ್ ಆಸುಪಾಸು. ಕ್ಯಾಮೆರಾ ಇರುವ ಸಣ್ಣ ಕೊಳವೆ ಒಳಗೆ ಹೋಗುತ್ತದೆ, ಸಲೈನ್ ನೀರು ಸತತ ಹರಿಯುತ್ತಾ ರಕ್ತ ತೊಳೆಯುತ್ತದೆ, ಡಾಕ್ಟರು ಟಿವಿ ನೋಡುತ್ತಾ ಕೆಲಸ ಮಾಡುತ್ತಾರೆ. ಇದರ ಬೇರು 1970ರ ದಶಕದಲ್ಲಿದೆ. 1975ರಲ್ಲಿ ಜಪಾನಿನ ಹಿಜಿಕಾಟಾ ಚರ್ಮದ ಮೂಲಕ ಕೊಳವೆ ಹಾಕಿ ಡಿಸ್ಕಿನ ತಿರುಳು ತೆಗೆದದ್ದನ್ನು ವರದಿ ಮಾಡಿದರು. ಅದೇ ಕಾಲಕ್ಕೆ ಫಿಲಡೆಲ್ಫಿಯಾದಲ್ಲಿ ಪರ್ವೀಜ್ ಕಾಂಬಿನ್ ಪಕ್ಕದಿಂದ ಹೋಗುವ ದಾರಿ ಹುಡುಕುತ್ತಿದ್ದರು. ನರಕ್ಕೆ ತಾಗದೆ ಡಿಸ್ಕಿಗೆ ಇಳಿಯಬಹುದಾದ ಒಂದು ತ್ರಿಕೋನ ಜಾಗವನ್ನು ಅವರು ಗುರುತಿಸಿಕೊಟ್ಟರು. ಇವತ್ತಿಗೂ ಅದಕ್ಕೆ ಕಾಂಬಿನ್ ತ್ರಿಕೋನ ಅಂತಲೇ ಹೆಸರು. ಪಕ್ಕದಿಂದ ಹೋಗುವ ಈ ಆಪರೇಷನ್ನನ್ನು ಕೆಲವರು ಆ ಜಾಗವನ್ನಷ್ಟೇ ಮರಗಟ್ಟಿಸಿ, ಪೇಷಂಟ್ ಎಚ್ಚರ ಇರುವಾಗಲೇ ಮಾಡುತ್ತಾರೆ. ನರಕ್ಕೆ ತಾಗಿದರೆ ನೀವೇ "ಕಾಲು ಜುಮ್ ಅಂತು" ಅಂತ ಹೇಳಬಹುದು. ಹೃದಯ, ಶ್ವಾಸಕೋಶ ಸರಿ ಇಲ್ಲದ ವಯಸ್ಸಾದವರಿಗೆ ಇದೊಂದು ನಿಜವಾದ ಅನುಕೂಲ. ಎರಡು ತೂತಿನಿಂದ ಮಾಡುವ ವಿಧಾನವೂ ಇದೆ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸಾಮಾನು. ಇದನ್ನು ದಕ್ಷಿಣ ಕೊರಿಯಾದ ಸರ್ಜನ್‌ಗಳು ಬಹಳ ಬೆಳೆಸಿದ್ದಾರೆ.

"ಲೇಸರ್" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಸ್ವಲ್ಪ ಹುಷಾರು. 1986ರಿಂದಲೂ ಡಿಸ್ಕಿಗೆ ಲೇಸರ್ ಬಳಸಿದ್ದಾರೆ. ಆದರೆ ಒಡೆದು ಹೊರಗೆ ಬಿದ್ದ ತುಂಡನ್ನು ಅದು ತೆಗೆಯುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ತುಂಡು ಕಳಚಿದೆ ಅಂತ ಇದ್ದರೆ, ಲೇಸರಿಂದ ಏನು ಮಾಡುತ್ತೀರಿ ಅಂತ ಕೇಳಲೇಬೇಕು.

"ಸ್ಕ್ರೂ", "ಕೇಜ್", "ಫ್ಯೂಷನ್" ಅಂತ ಇದ್ದರೆ ಅದು ಬೇರೆಯೇ ಆಪರೇಷನ್. ಎರಡು ಮಣಿಗಳನ್ನು ಕೂಡಿಸಿಬಿಡುವುದು. ಇದನ್ನೂ ಈಗ ಸಣ್ಣ ಸಣ್ಣ ತೂತುಗಳಿಂದ ಮಾಡುತ್ತಾರೆ. ಅದಕ್ಕೇ ಗೊಂದಲ ಆಗುವುದು. ಗಾಯ ಸಣ್ಣದಿದ್ದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಲ್ಲ. ಮಣಿ ಜಾರಿದ್ದರೆ, ಬೆನ್ನು ಅಲುಗಾಡುತ್ತಿದ್ದರೆ ಬೇಕಾಗಬಹುದು. ಮೊದಲ ಸಲ ಸರಿದ ಮಾಮೂಲಿ ಡಿಸ್ಕಿಗೆ ಸಾಮಾನ್ಯವಾಗಿ ಸ್ಕ್ರೂ ಬೇಕಾಗುವುದಿಲ್ಲ. ಎಸ್ಟಿಮೇಟ್‌ನಲ್ಲಿ ಸ್ಕ್ರೂ ಕಂಡರೆ ಇನ್ನೊಬ್ಬ ಸರ್ಜನ್ನಿಗೆ ತೋರಿಸದೆ ಹೂಂ ಅನ್ನಬೇಡಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ.

ಹಾಗಾದರೆ ಯಾವುದು ಮೇಲು? 2009ರಲ್ಲಿ ಡಚ್ಚರು 328 ಜನರನ್ನು ಟ್ಯೂಬ್ ಮತ್ತು ಮೈಕ್ರೋ ಅಂತ ಎರಡು ಗುಂಪು ಮಾಡಿ ಹೋಲಿಸಿದರು. ಪೇಷಂಟ್‌ಗೇ ತನಗೆ ಯಾವುದು ಆಯಿತು ಅಂತ ಗೊತ್ತಿರಲಿಲ್ಲ. ಟ್ಯೂಬ್ ಗೆಲ್ಲಬಹುದು ಅಂತ ಅಂದುಕೊಂಡಿದ್ದರು. ಗೆಲ್ಲಲಿಲ್ಲ. ವರ್ಷದ ಕೊನೆಗೆ ಮೈಕ್ರೋದವರೇ ಒಂದಿಷ್ಟು ಆರಾಮಾಗಿದ್ದರು. 2022ರಲ್ಲಿ ಡಚ್ಚರದೇ ಇನ್ನೊಂದು ಅಧ್ಯಯನ, 613 ಜನ. ಎಂಡೋಸ್ಕೋಪ್, ಮೈಕ್ರೋಗಿಂತ ಕಡಿಮೆ ಇಲ್ಲ ಅಂತ ತೋರಿತು. ಒಟ್ಟಿನಲ್ಲಿ ಹತ್ತಿರ ಹತ್ತಿರ. ಅದಕ್ಕೇ ನನ್ನ ಪ್ರಕಾರ ಸಾಮಾನಿಗಿಂತ ಅದನ್ನು ಹಿಡಿದ ಕೈ ಮುಖ್ಯ.

ಸರ್ಜನ್ ಮುಂದೆ ಕೂತಾಗ

ನಮ್ಮ ಕಡೆ ಹಿರಿಯರಿಗೆ ಡಾಕ್ಟರನ್ನು ಪ್ರಶ್ನೆ ಕೇಳಿದರೆ ಅವರಿಗೆ ಅವಮಾನ ಮಾಡಿದ ಹಾಗೆ ಅನಿಸುತ್ತದೆ. "ಅವರಿಗೆ ಗೊತ್ತಿರಂಗಿಲ್ಲೇನ?" ಅಂತ ಸುಮ್ಮನಾಗುತ್ತಾರೆ. ಹಾಗಿದ್ದರೆ ಮಗಳನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅವರು ಕೇಳಲಿ. ಒಳ್ಳೆಯ ಸರ್ಜನ್ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬಹಳ ಜನ ಫಿಲ್ಮ್ ತೆಗೆದು ಬೆಳಕಿಗೆ ಹಿಡಿದು ತೋರಿಸುತ್ತಾರೆ.

"ಸರ್, ನನ್ನ ಕಾಲಿನ ನೋವಿಗೂ ಈ ಫಿಲ್ಮಿಗೂ ತಾಳೆ ಆಗುತ್ತದಾ?" ಇದು ಮೊದಲು. ನಿಮ್ಮ ಹಾಳೆಯನ್ನು ಮೇಜಿನ ಮೇಲೆ ಇಡಿ. "ಇದೇ ವಿಧಾನದಲ್ಲಿ ನೀವು ಎಷ್ಟು ಮಾಡಿದ್ದೀರಿ?" ಇದು ಎರಡನೆಯದು. ಎಂಡೋಸ್ಕೋಪ್ ಕಲಿಯುವುದು ಕಷ್ಟ. ಕಣ್ಣು ಟಿವಿಯಲ್ಲಿ, ಕೈ ಕೆಳಗೆ. ಪಳಗಲು ಬಹಳ ಆಪರೇಷನ್ ಬೇಕು. ನೂರಾರು ಮೈಕ್ರೋ ಮಾಡಿದ ಕೈಯನ್ನು ಬಿಟ್ಟು ಹೊಸದಾಗಿ ಎಂಡೋಸ್ಕೋಪ್ ತಂದವರ ಹತ್ತಿರ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. "ಒಳಗೆ ತೊಡಕಾದರೆ ಓಪನ್ ಮಾಡುತ್ತೀರಾ?" ಹೌದು ಅಂದರೆ ಹೆದರಬೇಡಿ, ಅದು ಪ್ರಾಮಾಣಿಕ ಉತ್ತರ. "ನರದ ಪೊರೆ ಹರಿದರೆ ಏನು ಮಾಡುತ್ತೀರಿ?" ಇದು ಯಾವ ವಿಧಾನದಲ್ಲೂ ಆಗಬಹುದಾದ ತೊಂದರೆ. "ಮತ್ತೆ ಸರಿಯುವ ಸಾಧ್ಯತೆ ಎಷ್ಟು?" ಅಂತಲೂ ಕೇಳಿ. ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಅನ್ನುತ್ತಾರೆ. ಆಗುವುದೇ ಇಲ್ಲ, ನೂರಕ್ಕೆ ನೂರು ಗ್ಯಾರಂಟಿ ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟ್ ಒಯ್ಯಬೇಡಿ. ಫಿಲ್ಮ್ ಬೇಕು, ಸಿಡಿ ಇದ್ದರೆ ಇನ್ನೂ ಒಳ್ಳೆಯದು.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ. ನಿಮಗೆ ಹೇಳಿದ ವಿಧಾನ ಪ್ಯಾಕೇಜಿನಲ್ಲಿ ಬರುತ್ತದಾ, ಒಮ್ಮೆ ಬಳಸಿ ಬಿಸಾಡುವ ಸಾಮಾನಿನ ಖರ್ಚು ಎಸ್ಟಿಮೇಟ್ ಒಳಗಿದೆಯಾ, ಹೊರಗಿದೆಯಾ ಅನ್ನುವುದನ್ನೂ ಬಾಯಿ ಬಿಟ್ಟು ಕೇಳಬೇಕು.

ಹೋಗುವ ಮುನ್ನ

ತಂಬಾಕು, ಗುಟ್ಕಾ, ಬೀಡಿ ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಸ್ಕ್ರೂ ಹಾಕಿದವರಲ್ಲಿ ಮೂಳೆ ಕೂಡುವುದೇ ಕಷ್ಟ ಆಗುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿರಲಿ. ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಖಾಲಿ ಪಟ್ಟಿಗಳನ್ನೂ ಒಂದು ಕವರಿನಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಬೇಕು. ನೀವಾಗಿ ನಿಲ್ಲಿಸಬೇಡಿ.

ಆಪರೇಷನ್‌ಗೆ ಒಂದು ವಾರ ಮುಂಚೆ ಹಾಸಿಗೆಯಿಂದ ಏಳುವುದನ್ನು ಅಭ್ಯಾಸ ಮಾಡಿ. ಮೊಣಕಾಲು ಮಡಚಿ. ಭುಜ, ನಡ, ಮೊಣಕಾಲು ಮೂರೂ ಒಟ್ಟಿಗೆ ಒಂದೇ ಬದಿಗೆ ಹೊರಳಲಿ. ಕಾಲು ಮಂಚದಿಂದ ಇಳಿಬಿಡಿ. ಕೈ ಊರಿ ಪಕ್ಕದಿಂದ ಎದ್ದು ಕೂರಿ. ನೋವಿನಲ್ಲಿ ಹೊಸದಾಗಿ ಕಲಿಯುವುದಕ್ಕಿಂತ ಈಗಲೇ ಕಲಿತಿರುವುದು ಒಳ್ಳೆಯದು ಅಲ್ವಾ?

ಮನೆಯನ್ನೂ ಸಜ್ಜು ಮಾಡಿ. ನಡುವೆ ಜೋತುಬಿದ್ದ ಹೊರಸು ಬೇಡ, ಗಟ್ಟಿ ಮಂಚ ಇರಲಿ. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ಇದ್ದರೆ ಕಮೋಡ್ ಕುರ್ಚಿ ತಂದಿಡಿ, ಬಾಡಿಗೆಗೂ ಸಿಗುತ್ತದೆ. ದಿನಾ ಬೇಕಾಗುವ ಡಬ್ಬಿ, ತಂಬಿಗೆ, ಬಟ್ಟೆ ನಡದ ಎತ್ತರಕ್ಕೆ ಬರಲಿ. ಹೆಣ್ಣುಮಕ್ಕಳಿಗೆ ನಾನು ಮೊದಲು ಕೇಳುವುದು, ಆರು ವಾರ ರೊಟ್ಟಿ ಯಾರು ಬಡಿಯುತ್ತಾರೆ? ನೆಲಕ್ಕೆ ಕೂತು ಮುಂದಕ್ಕೆ ಬಾಗಿ ಜೋಳದ ರೊಟ್ಟಿ ಬಡಿಯುವುದು ಹೊಸದಾಗಿ ಮಾಯುತ್ತಿರುವ ಡಿಸ್ಕಿಗೆ ಬಹಳ ಭಾರ. ಇದಕ್ಕೆ ಉತ್ತರ ಇಲ್ಲದೆ ಆಸ್ಪತ್ರೆಗೆ ಹೋದ ಅವ್ವಂದಿರು ಹತ್ತನೇ ದಿನಕ್ಕೆ ಒಲೆ ಮುಂದೆ ಕೂತಿರುತ್ತಾರೆ. ಗಂಡ, ಅತ್ತೆ, ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಮೊದಲೇ ತೀರ್ಮಾನ ಮಾಡಿ. ಕಟಕ್ ರೊಟ್ಟಿ ಮಾಡಿಟ್ಟುಕೊಳ್ಳಿ, ಇಲ್ಲವೇ ರೊಟ್ಟಿ ಮಾಡಿ ಮಾರುವವರಿಂದ ತನ್ನಿ.

ಮನೆಗೆ ಬಂದ ಮೇಲೆ

ಅದೇ ದಿನ ಇಲ್ಲವೇ ಮರುದಿನ ಎಬ್ಬಿಸಿ ನಡೆಸುತ್ತಾರೆ. ಅದು ನಿಜ. ಮನೆಗೂ ಬೇಗ ಕಳಿಸುತ್ತಾರೆ. ಆದರೆ ಬೆಳಗಾವಿಯಲ್ಲಿ ಮಾಡಿಸಿಕೊಂಡು ಇಳಕಲ್ಲಿಗೆ ಹೋಗಬೇಕಾದವರು ಮೊದಲ ರಾತ್ರಿ ಆಸ್ಪತ್ರೆಯ ಹತ್ತಿರವೇ ಇದ್ದರೆ ಒಳ್ಳೆಯದು. ಬಸ್ಸಿನ ಹಿಂದಿನ ಸೀಟು ಬೇಡವೇ ಬೇಡ. ಕಾರಿನ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿ. ತಾಸಿಗೊಮ್ಮೆ ಇಳಿದು ನಡೆಯಿರಿ. ಯರಗಟ್ಟಿಯಲ್ಲಿ ಒಮ್ಮೆ, ಲೋಕಾಪುರದಲ್ಲಿ ಒಮ್ಮೆ ನಿಂತು ಚಹಾ ಕುಡಿದರೆ ಎರಡೂ ಕೆಲಸ ಆಯಿತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲು ರಸ್ತೆ ತುಂಬಿರುತ್ತದೆ, ಬೆಳಕಿರುವಾಗಲೇ ಹೊರಡಿ.

ಮೊದಲ ಎರಡು ವಾರ ನಡಿಗೆಯೇ ವ್ಯಾಯಾಮ. ಒಂದೇ ಸಲ ಜಾಸ್ತಿ ಬೇಡ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಒಂದೇ ಕಡೆ ಅರ್ಧ ತಾಸಿಗಿಂತ ಜಾಸ್ತಿ ಕೂರಬೇಡಿ. ನೋಡಲು ಬಂದ ನೆಂಟರ ಜೊತೆ ಕೂತೇ ಮಾತಾಡಬೇಕು ಅಂತಿಲ್ಲ. ಬಾಗುವುದು, ಎತ್ತುವುದು, ತಿರುಚುವುದು ಸುಮಾರು ಆರು ವಾರ ಬೇಡ. ನಿಮ್ಮ ಸರ್ಜನ್ ಬೇರೆ ಲೆಕ್ಕ ಹೇಳಿದ್ದರೆ ಅವರದ್ದೇ ಲೆಕ್ಕ. ಸಣ್ಣ ಗಾಯದ ಅಪಾಯ ಇರುವುದೇ ಇಲ್ಲಿ. ಹೊರಗೆ ಏನೂ ಕಾಣುವುದಿಲ್ಲ, ನೋವೂ ಇರುವುದಿಲ್ಲ, ಹತ್ತು ದಿನಕ್ಕೆ ಜನ ಸಿಲಿಂಡರ್ ಎತ್ತುತ್ತಾರೆ. ಚರ್ಮಕ್ಕೆ ಎಷ್ಟು ಗಾಯ ಆಗಿದ್ದರೂ ಡಿಸ್ಕಿನ ಗೋಡೆಯ ತೂತು ಮಾಯಲು ಅದರ ಸಮಯ ಬೇಕೇ ಬೇಕು.

ನೋವು ಮೊದಲು ಹೋಗುತ್ತದೆ. ಬಲ ಮೆಲ್ಲಗೆ ಬರುತ್ತದೆ. ಜೋಮು ಎಲ್ಲಕ್ಕಿಂತ ಕೊನೆಗೆ, ಕೆಲವರಿಗೆ ತಿಂಗಳುಗಳು ಹಿಡಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಎರಡನೇ ವಾರದಲ್ಲಿ ಕಾಲು ಒಮ್ಮೆ ಮತ್ತೆ ಸೆಳೆದರೆ ಗಾಬರಿ ಬೇಡ, ನರ ಊದಿಕೊಂಡಿದ್ದರೆ ಹಾಗಾಗುತ್ತದೆ. ಆದರೆ ಗಾಯದಿಂದ ತಿಳಿನೀರು ಸೋರಿದರೆ, ಎದ್ದು ಕೂತಾಗ ತಲೆ ಸಿಡಿದು ಮಲಗಿದರೆ ಕಡಿಮೆಯಾದರೆ, ಜ್ವರ ಬಂದರೆ, ಒಂದೇ ಮೀನಖಂಡ ಊದಿ ನೋಯಲು ಶುರುವಾದರೆ, ಕಾಲಿನ ಬಲ ಹೊಸದಾಗಿ ಕಡಿಮೆಯಾದರೆ ತಕ್ಷಣ ಫೋನ್ ಮಾಡಿ. ಮೂತ್ರದ ತೊಂದರೆ ಇದ್ದರೆ ಫೋನ್ ಮಾಡುತ್ತಾ ಕೂರದೆ ಹೊರಟೇ ಬಿಡಿ.

ಟಾಕೆ ಬಿಚ್ಚಿದ ಮೇಲೆ ಸರ್ಜನ್ ಚೀಟಿ ಹಿಡಿದು ಫಿಸಿಯೋಥೆರಪಿಗೆ ಬನ್ನಿ. ಹೊಟ್ಟೆಯ ಒಳಸ್ನಾಯು ಬಿಗಿಹಿಡಿಯುವುದು, ಮಲಗಿ ನಡ ಎತ್ತುವುದು, ನರವನ್ನು ಮೆಲ್ಲಗೆ ಆಡಿಸುವುದು, ಹೀಗೆ ಒಂದೊಂದಾಗಿ ಕಲಿಸುತ್ತೇವೆ. ಎಣ್ಣೆ ತಿಕ್ಕಿಸುವುದು, ಬೆನ್ನು ತುಳಿಸುವುದು, ಲಟಲಟ ಅನ್ನಿಸುವುದು ಖಂಡಿತ ಬೇಡ. ಕುಣಿಮಗ್ಗದವರು ಆರು ವಾರದ ಮೇಲೆ ಅರ್ಧರ್ಧ ತಾಸು ಕೂತು ಶುರು ಮಾಡಿ, ನಡುನಡುವೆ ಕುಣಿಯಿಂದ ಮೇಲೆ ಬಂದು ನಡೆಯಿರಿ. ಬೆನ್ನಿಗೆ ಆನಿಸಲು ಹಲಗೆ ಹಾಕಿಸಿಕೊಳ್ಳಿ. ಕಬ್ಬು ಕಡಿಯುವವರು, ಚೀಲ ಹೊರುವವರು ಮೂರು ತಿಂಗಳಿಗೆ ಮುಂಚೆ ಆ ಮಾತೇ ಎತ್ತಬೇಡಿ. ಹಂಗಾಮು ಶುರುವಾಗುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಆಪರೇಷನ್ ದಿನ ಗೊತ್ತು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಬೈಕ್ ಹಿಂದಿನ ಸೀಟಿನಲ್ಲಿ ಕೂತು ಹಂಪ್ ಹಾರಿಸುತ್ತಾ ಕ್ಲಿನಿಕ್ಕಿಗೆ ಬರುವವರಿಗೆ ನಾನು ಬೈಯುತ್ತೇನೆ, ಆಟೋದಲ್ಲಿ ಬನ್ನಿ.

ಡಿಸ್ಚಾರ್ಜ್ ಕಾಗದದಲ್ಲಿ ಮೂರು ವಿಷಯ ಇದೆಯಾ ಅಂತ ಅಲ್ಲೇ ನಿಂತು ನೋಡಿ: ಯಾವ ಮಟ್ಟದ ಡಿಸ್ಕ್, ಯಾವ ಬದಿ, ಯಾವ ದಾರಿಯಿಂದ ಹೋದರು. ಇಲ್ಲದಿದ್ದರೆ ಬರೆಸಿಕೊಳ್ಳಿ. ನಾಲ್ಕು ವರ್ಷದ ಮೇಲೆ ಮತ್ತೆ ಕಾಲು ಸೆಳೆದಾಗ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ, ಮತ್ತು ಅಷ್ಟು ಸಣ್ಣ ಗುರುತು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಕಾಗದದ ಫೋಟೋ ತೆಗೆದು ಮಗನ ಮೊಬೈಲಿಗೂ ಮಗಳ ಮೊಬೈಲಿಗೂ ಕಳಿಸಿಡಿ. ಹಳೆಯ ಎಂಆರ್‌ಐ ಫಿಲ್ಮನ್ನು ಮಡಚಿ ಗಾದಿಯ ಕೆಳಗೆ ಇಡಬೇಡಿ, ಕವರ್ ಸಮೇತ ಅಲಮಾರಿನಲ್ಲಿ ನೆಟ್ಟಗೆ ನಿಲ್ಲಿಸಿ.